ಇಂಗು, ತೆಂಗು ಮತ್ತು ಇಟಲಿ

ನಮ್ಮ ಕೂಟದ ಕಾರ್ಯಕ್ರಮಗಳಿಗೆ ಬರುವವರು ಇದನ್ನು ಗಮನಿಸಿರಬಹುದು. ಎಲ್ಲರೂ ತಟ್ಟೆ ಹಿಡಿದು ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿರುವಾಗ, ಬೋಳುತಲೆಯ ಮನುಷ್ಯನೊಬ್ಬ ಮೂಲೆಯ ಮೇಜಿನಲ್ಲಿ ತನ್ನದೇ ಸ್ಟೀಲ್ ಡಬ್ಬಿ ಬಿಚ್ಚಿಕೊಂಡು ಕೂತಿರುತ್ತಾನೆ. ಅದು ನಾನೇ! "ಯಾಕ್ರೀ, ನಮ್ಮ ಕೈ ಅಡುಗೆ ಆಗಲ್ವಾ?" ಎಂದು ಹುಸಿಮುನಿಸು ತೋರಿದವರಿದ್ದಾರೆ. "ಪಾಪ, ಶುಗರ್ ಇರಬೇಕು" ಎಂದು ಮರುಕ ಪಟ್ಟವರಿದ್ದಾರೆ. "ಡಯಟ್ಟಾ? ನಮ್ಮ ಮೈದುನನೂ ಗ್ಲುಟೆನ್ ಬಿಟ್ಟು ಹತ್ತು ಪೌಂಡ್ ಇಳಿಸಿದ" ಎಂದು ಬೆನ್ನು ತಟ್ಟಿದವರೂ ಇದ್ದಾರೆ. ಸಂಪಾದಕರು ಈ ಸಂಚಿಕೆಗೆ ಒಂದು ಪ್ರವಾಸ ಲೇಖನ ಕೊಡಿ ಎಂದಾಗ, ಸರಿ, ಎಲ್ಲರಿಗೂ ಒಟ್ಟಿಗೇ ಉತ್ತರ ಕೊಟ್ಟುಬಿಡೋಣ ಅಂದುಕೊಂಡೆ. ಆದ್ದರಿಂದ ಇದರಲ್ಲಿ ಕೊಲೋಸಿಯಂ, ಪೀಸಾದ ವಾಲುಗೋಪುರ ಇತ್ಯಾದಿಗಳನ್ನು ಹುಡುಕಬೇಡಿ. ಇದು ಪೂರ್ತಿ ಹೊಟ್ಟೆಪಾಡಿನ ಪ್ರವಾಸ.

ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಇರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಸಣ್ಣಕರುಳಿನ ಮೇಲೆ ತಾನೇ ತಿರುಗಿ ಬೀಳುತ್ತದೆ. ಕರುಳಿನ ಒಳಮೈಯಲ್ಲಿ ಮಖಮಲ್ಲಿನ ಎಳೆಗಳ ಹಾಗೆ ನಿಂತು ಆಹಾರದ ಸಾರ ಹೀರಿಕೊಳ್ಳುವ ಸಣ್ಣ ಸಣ್ಣ ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ನೀವು ಎಷ್ಟು ತಿಂದರೂ ಅದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ನಾನು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. 2018ರಲ್ಲಿ ಒಬ್ಬರು ಡಾಕ್ಟರಿಗೆ ಅನುಮಾನ ಬಂದು ರಕ್ತಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಮಾಡಿಸಿದ ಮೇಲೆ ಇದರ ಹೆಸರು ತಿಳಿಯಿತು. ಇದಕ್ಕೆ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಜೀವನಪೂರ್ತಿ ಗೋಧಿ ಬಿಡುವುದೊಂದೇ ಔಷಧ. ಬಿಡುವುದು ಎಂದರೆ ಚಪಾತಿ ಬಿಟ್ಟು ಅನ್ನ ತಿನ್ನುವುದು ಮಾತ್ರವಲ್ಲ. ಅಮೆರಿಕದಲ್ಲೂ ಯೂರೋಪಿನಲ್ಲೂ 'ಗ್ಲುಟೆನ್ ಇಲ್ಲ' ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ ಅದು 20 ಮಿಲಿಗ್ರಾಮಿಗಿಂತ ಹೆಚ್ಚು ಇರುವಂತಿಲ್ಲ. ಅಂದರೆ ಬ್ರೆಡ್ ಕುಯ್ದ ಚಾಕುವಿನಲ್ಲೇ ನನ್ನ ಟೊಮೇಟೊ ಹೆಚ್ಚಿದರೂ ಕಷ್ಟ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದರೂ ಕಷ್ಟ.

ಈ ಕಾಯಿಲೆಗೂ ಗೋಧಿಗೂ ಇರುವ ನಂಟು ತಿಳಿದ ಕಥೆ ನನಗೆ ಬಹಳ ಇಷ್ಟ. ಹಾಲೆಂಡಿನಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ಡಾಕ್ಟರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಗುಮಾನಿ ಇತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಬ್ರೆಡ್ಡಿಗೆ ಹಾಹಾಕಾರ. ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿಕೊಂಡು ತಿಂದರು. ಎಲ್ಲ ಮಕ್ಕಳೂ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು! ಬ್ರೆಡ್ ಮತ್ತೆ ಬಂತು, ಅವರು ಮತ್ತೆ ಮಲಗಿದರು. 1950ರಲ್ಲಿ ಡಿಕ್ಕೆ ಇದನ್ನೆಲ್ಲ ತಮ್ಮ ಪ್ರಬಂಧದಲ್ಲಿ ಬರೆದರು. ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವ ಬಂದು, ಎಂಟಿಆರ್‌ನವರು ಗೋಧಿರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಅದೇ ನಮ್ಮ ರವೆ ಇಡ್ಲಿ ಎಂದು ಹೇಳುತ್ತಾರೆ. ಒಂದೇ ಯುದ್ಧ ನೋಡಿ, ಅಲ್ಲಿ ಗೋಧಿ ಸಿಗದೆ ನನ್ನಂಥವರು ಬದುಕಿದರು, ಇಲ್ಲಿ ಅಕ್ಕಿ ಸಿಗದೆ ನನ್ನಂಥವರು ತಿನ್ನಲಾಗದ ಇಡ್ಲಿ ಹುಟ್ಟಿತು.

2025ರ ಮೇ ತಿಂಗಳ ಕೊನೆಗೆ ತೀರ್ಥಹಳ್ಳಿಯ ಹತ್ತಿರದ ನಮ್ಮೂರಿನಲ್ಲಿ ಅಣ್ಣನ ಮಗಳ ಮದುವೆ. ಹೋಗುವ ದಾರಿಯಲ್ಲಿ ಹತ್ತು ದಿನ ಇಟಲಿ ನೋಡೋಣ ಎಂದು ನನ್ನಾಕೆ ಹಟ ಹಿಡಿದಳು. ಪಾಸ್ತಾ, ಪಿಜ್ಜಾ, ಬ್ರೆಡ್ಡುಗಳ ದೇಶಕ್ಕೆ ಗೋಧಿ ಆಗದವನನ್ನು ಕರೆದುಕೊಂಡು ಹೋಗುವುದು ಒಣಗಿದ ಕಟ್ಟಿಗೆಯನ್ನು ಬೆಂಕಿಗೆ ಪರಿಚಯ ಮಾಡಿಸಿದ ಹಾಗೆ ಎಂದು ನನ್ನ ವಾದ. "ನಿಮಗೇನು, ಡಬ್ಬಿ ಕಟ್ಟಿಕೊಡ್ತೀನಿ, ಬನ್ನಿ" ಎಂದಳು. ಎರಡು ಕಿಲೋ ತೆಳು ಅವಲಕ್ಕಿ, ಇಂಗು ಹಾಕದ ಚಟ್ನಿಪುಡಿ, ಹುರಿದ ಕಡಲೆಕಾಯಿ, ರಾಗಿಹುರಿಹಿಟ್ಟು. ಪರದೇಶದಲ್ಲಿ ಕನ್ನಡಿಗನ ಮಾನ ಕಾಪಾಡುವುದು ಅವಲಕ್ಕಿ ಎಂದು ನನ್ನ ದೃಢವಾದ ನಂಬಿಕೆ. ಬಿಸಿನೀರು ಸಿಕ್ಕರೆ ಊಟ, ಸಿಗದಿದ್ದರೆ ತಿಂಡಿ.

ವಿಮಾನದಿಂದಲೇ ಅದರ ಅವಶ್ಯಕತೆ ಬಿತ್ತು. ವಿಮಾನದ ಊಟಕ್ಕೆ ನಾಲ್ಕಕ್ಷರದ ಸಂಕೇತಗಳಿರುತ್ತವೆ, ನಿಮಗೆ ಗೊತ್ತೇ ಇದೆ. ಭಾರತೀಯ ಸಸ್ಯಾಹಾರಕ್ಕೆ ಒಂದು, ಗ್ಲುಟೆನ್ ಇಲ್ಲದ್ದಕ್ಕೆ ಇನ್ನೊಂದು. ಆದರೆ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಸಂಕೇತ. ಸಸ್ಯಾಹಾರ ಕೇಳಿದರೆ ಪರೋಟ ಬರುತ್ತದೆ, ಗ್ಲುಟೆನ್ ಇಲ್ಲದ್ದು ಕೇಳಿದರೆ ಕೋಳಿ ಬರುತ್ತದೆ! ಕೋಳಿಯೂ ಬೇಡ, ಗೋಧಿಯೂ ಬೇಡ ಎನ್ನುವ ಪ್ರಾಣಿ ಇದೆ ಎಂದು ಆ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿಲ್ಲ. ಗಗನಸಖಿ ಬಹಳ ನೊಂದುಕೊಂಡು ಎರಡು ಬಾಳೆಹಣ್ಣು ತಂದುಕೊಟ್ಟಳು. ನಾನು ಕಾಫಿ ಲೋಟದಲ್ಲಿ ಅವಲಕ್ಕಿ ನೆನೆಸಿಕೊಂಡೆ.

ಮಿಲಾನಿನಲ್ಲಿ ಮೊದಲ ರಾತ್ರಿ. ನನ್ನ ಜೇಬಿನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚು ಹಾಕಿಸಿದ ಒಂದು ಚೀಟಿ: ನನಗೆ ಈ ಕಾಯಿಲೆ ಇದೆ, ಈ ಈ ಧಾನ್ಯಗಳು ಆಗುವುದಿಲ್ಲ, ಅದೇ ನೀರು, ಅದೇ ಎಣ್ಣೆ, ಅದೇ ಸೌಟು ಬಳಸಬೇಡಿ, ಮಾಂಸ ಮೀನು ತಿನ್ನುವುದಿಲ್ಲ ಎಂದು. ಅಮೆರಿಕದಲ್ಲಿ ಇಂಥ ಚೀಟಿ ಕೊಟ್ಟಾಗ ನಡೆಯುವ ನಾಟಕ ನನಗೆ ಬಾಯಿಪಾಠ. ವೇಟರ್ ನಗುತ್ತಲೇ "ಇದು ಅಲರ್ಜಿಯೋ, ಇಲ್ಲಾ ನಿಮ್ಮ ಇಷ್ಟವೋ?" ಎಂದು ಕೇಳುತ್ತಾನೆ. ತಪ್ಪು ಅವನದಲ್ಲ. ತೂಕ ಇಳಿಸಲು ಗ್ಲುಟೆನ್ ಬಿಟ್ಟವರು ಊಟವಾದ ಮೇಲೆ ಕೇಕ್ ತರಿಸಿ ತಿಂದದ್ದನ್ನು ಅವನು ನೋಡಿದ್ದಾನೆ. ಫ್ಯಾಷನ್ನಿನ ದೆಸೆಯಿಂದ ನಮಗೆ ಅಂಗಡಿಯಲ್ಲಿ ಬಗೆಬಗೆ ಸಾಮಾನು ಸಿಕ್ಕಿತು, ಆದರೆ ಮಾತಿನ ಬೆಲೆ ಹೋಯಿತು.

ಮಿಲಾನಿನ ಆ ಸಣ್ಣ ಹೋಟೆಲಿನವರು ಚೀಟಿಯ ಮೊದಲ ಸಾಲು ಓದಿ "ಚೆಲಿಯಾಕೋ?" ಎಂದು ಒಂದೇ ಮಾತು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಮೇಜಿನ ಮೇಲಿದ್ದ ಬ್ರೆಡ್ ಬುಟ್ಟಿ ಎತ್ತಿಕೊಂಡು ಹೋದರು. ವಾಪಸು ಬಂದು ಮೇಜಿನ ಬಟ್ಟೆ ತೆಗೆದರು, ಒರೆಸಿದರು, ಹೊಸ ಬಟ್ಟೆ ಹಾಸಿದರು. "ನಾನು ಇಪ್ಪತ್ತೇಳು ವರ್ಷ ನಿಮ್ಮ ಮೇಜು ಒರೆಸಿದ್ದೀನಿ, ಹೀಗೆ ಒಂದು ದಿನವೂ ಒರೆಸಿಲ್ಲ" ಎಂದಳು ನನ್ನಾಕೆ. ಕೇಸರಿ ಹಾಕಿದ ರಿಸೊಟ್ಟೊ ಆ ಊರಿನ ಪ್ರಸಿದ್ಧ ಅನ್ನ. ಅನ್ನದಲ್ಲಿ ಗೋಧಿ ಇಲ್ಲ, ಆದರೆ ಬೇಯಿಸುವ ನೀರು ಮಾಂಸದ ಸಾರು. ತರಕಾರಿ ಬೇಯಿಸಿದ ನೀರಿನಲ್ಲಿ ಮಾಡಿಕೊಡುತ್ತೇವೆ, ಅರ್ಧ ಗಂಟೆ ಆಗುತ್ತದೆ ಎಂದರು. ಕಾದೆವು. ಬಂದದ್ದು ಹಳದಿ ಬಣ್ಣದ, ಸ್ವಲ್ಪ ಅಂಟಂಟಾದ ಅನ್ನ. ನೋಡಲು ಖಾರಾ ಪೊಂಗಲಿನ ದೂರದ ಸಂಬಂಧಿ, ಮೆಣಸು ಮರೆತ ಪೊಂಗಲ್. ಏಳು ವರ್ಷಗಳಲ್ಲಿ ಹೊರಗಿನ ಒಂದು ಊಟವನ್ನು ಪ್ರತಿ ತುತ್ತಿಗೂ ಎದೆ ಡವಗುಟ್ಟದೆ ತಿಂದದ್ದು ಅದೇ ಮೊದಲು.

ಇಟಲಿಯವರಿಗೆ ಇಷ್ಟು ತಿಳಿವಳಿಕೆ ಎಲ್ಲಿಂದ ಬಂತು? ಆಮೇಲೆ ಓದಿ ತಿಳಿದುಕೊಂಡೆ. ಅಲ್ಲಿ ಈ ಕಾಯಿಲೆಯವರ ಸಂಘ ಹುಟ್ಟಿದ್ದು 1979ರಲ್ಲಿ. ಆ ಸಂಘದವರು ಹೋಟೆಲಿನ ಅಡುಗೆಯವರಿಗೆ ತರಬೇತಿ ಕೊಟ್ಟು, ಮೇಲ್ವಿಚಾರಣೆ ಮಾಡಿ, ಬಾಗಿಲಿಗೆ ಅಂಟಿಸಲು ಚೀಟಿ ಕೊಡುತ್ತಾರೆ. ದೇಶದಾದ್ಯಂತ ಇಂಥ ಜಾಗಗಳು ನಾಲ್ಕು ಸಾವಿರಕ್ಕೂ ಹೆಚ್ಚು. 2005ರಲ್ಲಿ ಸರಕಾರವೇ ಕಾನೂನು ಮಾಡಿತು. ಕಾಯಿಲೆ ಇದೆಯೆಂದು ದಾಖಲಾದವರಿಗೆ ಗ್ಲುಟೆನ್ ಇಲ್ಲದ ಹಿಟ್ಟು, ಪಾಸ್ತಾ ಕೊಳ್ಳಲು ತಿಂಗಳು ತಿಂಗಳು ಇಷ್ಟು ಎಂದು ಸರಕಾರ ಕೊಡುತ್ತದೆ. ಶಾಲೆ, ಆಸ್ಪತ್ರೆಗಳ ಊಟದಲ್ಲಿ ಅವರಿಗೆ ಬೇರೆ ಅಡುಗೆ ಇರಲೇಬೇಕು. 2023ರಲ್ಲಿ ಇನ್ನೊಂದು ಕಾನೂನು ಬಂದು, ದೇಶದ ಮಕ್ಕಳಿಗೆಲ್ಲ ಇದರ ರಕ್ತಪರೀಕ್ಷೆ ಮಾಡಬೇಕೆಂದಾಯಿತು. ಔಷಧದ ಅಂಗಡಿಯಲ್ಲಿ ತಲೆನೋವಿನ ಮಾತ್ರೆಯ ಪಕ್ಕದಲ್ಲೇ ಬಿಸ್ಕತ್ತು, ಶಾವಿಗೆಯಂಥ ಪಾಸ್ತಾ ಜೋಡಿಸಿಟ್ಟಿದ್ದನ್ನು ಕಂಡು ಮೊದಲು ನಗು ಬಂತು. ಯೋಚಿಸಿದರೆ ಸರಿಯೇ ಅನ್ನಿಸಿತು. ನನಗೆ ಅದೇ ತಾನೇ ಔಷಧ! ದಿನಕ್ಕೆ ಎರಡು ಹೊತ್ತು ಗೋಧಿ ತಿನ್ನುವ ಜನ, ಗೋಧಿ ತಿನ್ನಲಾಗದ ತಮ್ಮವರ ಕಷ್ಟವನ್ನು ತಮ್ಮದೇ ಕಷ್ಟವೆಂದು ಬಲ್ಲರು. ಪಿಜ್ಜಾ ಇಲ್ಲದ ಬದುಕು ಎಂದರೆ ಎಂಥ ಶಿಕ್ಷೆ ಎಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮಿಲಾನಿನಿಂದ ಟ್ಯೂರಿನ್ ನಗರಕ್ಕೆ ರೈಲಿನಲ್ಲಿ ಹೋದೆವು. ನೊವಾರಾ, ವೆರ್ಚೆಲ್ಲಿ ಎಂಬ ಊರುಗಳು ಬಂದಾಗ ಕಿಟಕಿಯಾಚೆ ನೋಡಿ ಬೆಚ್ಚಿದೆ. ಎರಡೂ ಕಡೆ ಗದ್ದೆ! ಬದು ಕಟ್ಟಿ, ನೀರು ನಿಲ್ಲಿಸಿ, ಆಕಾಶವೆಲ್ಲ ಗದ್ದೆಯೊಳಗೇ ಬಿದ್ದುಕೊಂಡ ಹಾಗಿತ್ತು. ಬೆಳ್ಳಕ್ಕಿಯ ಜಾತಿಯ ಹಕ್ಕಿಗಳು ಒಂಟಿಕಾಲಿನಲ್ಲಿ ನಿಂತಿದ್ದವು. ಹಿಂದೆ ದೂರದಲ್ಲಿ ಹಿಮ ಹೊತ್ತ ಆಲ್ಪ್ಸ್ ಇರದಿದ್ದರೆ ನಮ್ಮೂರ ಬಯಲೇ. ಯೂರೋಪಿನಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ದೇಶ ಇಟಲಿ ಎಂದು ಓದಿದ್ದೆ, ಕಣ್ಣಾರೆ ಕಂಡದ್ದು ಆಗ. "ನೋಡಿ, ನಿಮ್ಮ ಕಡೆಯವರು ಇಲ್ಲೂ ಇದ್ದಾರೆ" ಎಂದಳು ಇವಳು. ಆ ಸೀಮೆಯಲ್ಲಿ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ತಿರುವಿ ತಿರುವಿ ಗಟ್ಟಿಮಾಡುವ ಪೊಲೆಂಟಾ ಎಂಬುದೂ ಇದೆ. ಹೆಸರು ಬೇರೆ, ಕೆಲಸವೆಲ್ಲ ಮುದ್ದೆ ಕಟ್ಟುವುದೇ. ನುಂಗಲು ಹೋದೆ, ಅಲ್ಲಿನವರು ಅಗಿಯುತ್ತಿದ್ದರು.

ಜೆನೋವಾ ಬಂದರಿನ ಓಣಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ಹೇಳಲೇಬೇಕು. ಅಲ್ಲಿನ ವಿಶೇಷ ಫಾರಿನಾಟಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಕಡಲೆಹಿಟ್ಟಿನ ದೋಸೆಯ ಅಣ್ಣ. ಹೊರಗೆ ನಿಂತವನಿಗೇ ಘಮ ಮೂಗಿಗೆ ಬಡಿದು ಬಾಯಲ್ಲಿ ನೀರು. ಗೋಧಿಯ ಸೋಂಕೇ ಇಲ್ಲದ ತಿಂಡಿ, ಇಂಥದ್ದಕ್ಕೆ ಏನು ಕೇಳುವುದು ಎಂದು ಇವಳು ಆಗಲೇ ದುಡ್ಡು ತೆಗೆದಳು. ಆದರೂ ಅಭ್ಯಾಸಬಲ, ಚೀಟಿ ಕೊಟ್ಟೆ. ಒಲೆಯ ಮುಂದೆ ನಿಂತಿದ್ದ ಮುದುಕ ಚೀಟಿ ಓದಿ, ನನ್ನ ಮುಖ ನೋಡಿ, ಅಡ್ಡಡ್ಡ ಕೈಯಾಡಿಸಿದ. ಒಲೆಯೊಳಗೆ ಬೆರಳು ತೋರಿಸಿದ. ಪಕ್ಕದಲ್ಲೇ ಫೊಕಾಚಿಯ ಎಂಬ ರೊಟ್ಟಿ ಬೇಯುತ್ತಿತ್ತು. ಮೋಟುಹಲಗೆಯ ಮೇಲೆಲ್ಲ ಬಿಳಿ ಮೈದಾ. ಒಲೆ ಒಂದೇ, ಹಲಗೆ ಒಂದೇ. "ನಿಮಗೆ ಕೊಡುವುದಿಲ್ಲ" ಎಂದ. ಬೆಳಗಿನ ವ್ಯಾಪಾರ, ಎದುರಿಗೆ ದುಡ್ಡು ಹಿಡಿದ ಗಿರಾಕಿ. ಆದರೂ ಕೊಡಲಿಲ್ಲ. ಇವಳಿಗೆ ಒಂದು ತುಂಡು ಕೊಟ್ಟು, ನನಗೆ ಎರಡು ಬೀದಿ ಆಚೆಯ ಇನ್ನೊಂದು ಅಂಗಡಿಯ ದಾರಿ ಬರೆದುಕೊಟ್ಟ. ಅಲ್ಲಿ ಸಿಕ್ಕ ಫಾರಿನಾಟಾ ಹೇಗಿತ್ತು ಎಂದು ಈಗ ನೆನಪಿಲ್ಲ. "ಕೊಡುವುದಿಲ್ಲ" ಎಂದ ಆ ಮುದುಕನ ಮುಖ ಚೆನ್ನಾಗಿ ನೆನಪಿದೆ.

ರೋಮಿನಲ್ಲಿ ಕಾಲಿಡಲು ಜಾಗವಿಲ್ಲ. 2025 ಅವರಿಗೆ ಜುಬಿಲಿ ವರ್ಷ, ಮೇಲಾಗಿ ಹೊಸ ಪೋಪ್ ಆಯ್ಕೆಯಾಗಿ ಇನ್ನೂ ಎರಡು ವಾರವಾಗಿರಲಿಲ್ಲ. ಅಲ್ಲಿ ನಾನು ಬೇರೆಯೇ ಅಡುಗೆಮನೆ, ಬೇರೆ ಒಲೆ ಇಟ್ಟುಕೊಂಡ ಅಂಗಡಿಯಲ್ಲಿ ಪಿಜ್ಜಾ ತಿಂದೆ. ಅಂಚು ಉಬ್ಬಿ, ಅಲ್ಲಲ್ಲಿ ಕರಿಕಾದ ನಿಜವಾದ ಪಿಜ್ಜಾ. ಇನ್ನೊಂದು ಕಡೆ ಐಸ್‌ಕ್ರೀಮ್ ಕೇಳಿದರೆ, ಹುಡುಗಿ ಕೈ ತೊಳೆದುಕೊಂಡು, ಕೆಳಗಿನಿಂದ ಮುಟ್ಟದ ಡಬ್ಬಿ ತೆಗೆದು, ಹೊಸ ಚಮಚದಲ್ಲಿ ಬಟ್ಟಲಿಗೆ ಹಾಕಿಕೊಟ್ಟಳು. ಹಿಂದೆ ಸಾಲಿನಲ್ಲಿದ್ದ ಹದಿನೈದು ಜನರಲ್ಲಿ ಒಬ್ಬರೂ ಗೊಣಗಲಿಲ್ಲ.

ಸೇಂಟ್ ಪೀಟರ್ಸ್ ಚರ್ಚಿನ ಮುಂದೆ ನಿಂತಾಗ ಬೇರೊಂದು ಯೋಚನೆ ಬಂತು. ಪೂಜೆಯಲ್ಲಿ ಕೊಡುವ ಆ ತೆಳ್ಳನೆಯ ಬಿಲ್ಲೆ ಗೋಧಿಯದೇ. 2017ರಲ್ಲಿ ವ್ಯಾಟಿಕನ್ ಒಂದು ಪತ್ರದಲ್ಲಿ ಹಳೆಯ ನಿಯಮವನ್ನು ಮತ್ತೆ ನೆನಪಿಸಿತು: ಗ್ಲುಟೆನ್ ಬಹಳ ಕಡಿಮೆ ಮಾಡಿದ ಬಿಲ್ಲೆ ಆಗಬಹುದು, ಪೂರ್ತಿ ಇಲ್ಲದ್ದು ಆಗದು. ಅವರ ಶಾಸ್ತ್ರ ಅವರಿಗೆ, ನಾನು ಹೇಳುವಂಥದ್ದೇನಿಲ್ಲ. ನನಗೆ ನೆನಪಾದದ್ದು ನಮ್ಮ ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ. ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣು. ನ್ಯೂಜೆರ್ಸಿಯಲ್ಲಿ ಎಷ್ಟು ಮನೆಗಳಲ್ಲಿ ಆ ಪ್ರಸಾದಕ್ಕೆ ಕೈ ಚಾಚದೆ ನಿಂತಿದ್ದೇನೆ! ಪ್ರಸಾದ ತಿರಸ್ಕರಿಸಿದವರ ಹಡಗು ಮುಳುಗಿದ ಕಥೆಯನ್ನು ಆಗಷ್ಟೇ ಎಲ್ಲರೂ ಕೇಳಿ ಮುಗಿಸಿರುತ್ತಾರೆ ಬೇರೆ. ಈಗೀಗ ಒಂದು ಬಾಳೆಹಣ್ಣನ್ನು ದೇವರ ಮುಂದಿಟ್ಟು ಅದನ್ನೇ ಕೊಡುವ ಗೆಳೆಯರಿದ್ದಾರೆ. ಅವರ ಹಡಗುಗಳು ಚೆನ್ನಾಗಿರಲಿ.

ಹತ್ತು ದಿನದ ಮೇಲೆ ಬೆಂಗಳೂರಿನಲ್ಲಿ ಇಳಿದಾಗ ನನ್ನಾಕೆ ನಿಟ್ಟುಸಿರು ಬಿಟ್ಟಳು, "ಸದ್ಯ, ಅಕ್ಕಿ ತಿನ್ನೋ ದೇಶಕ್ಕೆ ಬಂದ್ವಿ!" ನನಗೆ ಮಾತ್ರ ಅಲ್ಲಿಂದಲೇ ಹೆದರಿಕೆ ಶುರು. ಯಾಕೆ ಎಂದು ಹೇಳಲು ಆರು ವರ್ಷ ಹಿಂದಕ್ಕೆ ಹೋಗಬೇಕು.

ಕಾಯಿಲೆ ಗೊತ್ತಾದ ಮರುವರ್ಷ, 2019ರಲ್ಲಿ, ಊರಿಗೆ ಹೋಗಿದ್ದೆ. ಅಮ್ಮ ಒಂದು ತುಣುಕು ಗೋಧಿ ಮನೆಯೊಳಗೆ ಬಿಟ್ಟಿರಲಿಲ್ಲ. ಅಕ್ಕಿರೊಟ್ಟಿ, ನೀರುದೋಸೆ, ಕಡುಬು, ಅನ್ನ, ಸಾರು, ಹುಳಿ, ತಂಬುಳಿ. ಆದರೂ ನಾಲ್ಕನೇ ದಿನಕ್ಕೆ ಹೊಟ್ಟೆ ಕೆಟ್ಟು ಮಲಗಿದೆ. ನೀರು ಬದಲಾದದ್ದಕ್ಕೆ ಎಂದರು, ದೃಷ್ಟಿ ಎಂದರು. ಅಮ್ಮ ನೀವಾಳಿಸಿ ತೆಗೆದಳು. ಹೊಟ್ಟೆಗೆ ಒಳ್ಳೆಯದೆಂದು ಇಂಗಿನ ಸಾರು ಮಾಡಿ ಮಾಡಿ ಹಾಕಿದಳು. ಇನ್ನೂ ಹೆಚ್ಚಾಯಿತು. ಕೊನೆಗೆ ಅತ್ತಿಗೆ ಇಂಗಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿದರು. ಗೋಂದು, ಗೋಧಿ ಹಿಟ್ಟು, ಇಂಗು! ಇಂಗು ಗಿಡದ ಬೇರಿನಿಂದ ಬರುವ ಅಂಟು. ಅದರ ಘಾಟು ಹಾಗೇ ತಡೆಯಲಾಗದ್ದರಿಂದ ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಎಷ್ಟೋ ಕಡೆ ಗೋಧಿಯದೇ. 'ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತೆ' ಎಂಬ ನಮ್ಮ ಗಾದೆಯಲ್ಲಿ ನನಗೆ ಉಳಿದದ್ದು ಅರ್ಧವೇ.

ಅಮ್ಮನಿಗೆ ಅದು ದೊಡ್ಡ ಪೆಟ್ಟಾಯಿತು. ತನ್ನ ಕೈಯಾರೆ ಮಗನಿಗೆ ವಿಷ ಹಾಕಿದೆ ಎಂದು ತಲೆಯಲ್ಲಿ ಕೂತುಬಿಟ್ಟಿತು. ಆಮೇಲೆ ಪ್ರತಿ ಭಾನುವಾರದ ಫೋನಿನಲ್ಲಿ ಎಲ್ಲ ಕೇಳುತ್ತಿದ್ದಳು, ಹಿಮ ಬಿತ್ತಾ, ಮಕ್ಕಳು ಹೇಗಿದ್ದಾರೆ, ಕೆಲಸ ಹೇಗಿದೆ. "ಊಟ ಆಯ್ತಾ?" ಎಂದು ಮಾತ್ರ ಕೇಳುವುದನ್ನು ಬಿಟ್ಟಳು. ಪರದೇಶದಲ್ಲಿ ಕೂತ ಕನ್ನಡದ ಮಕ್ಕಳಿಗೆ ಆ ಎರಡು ಮಾತಿನ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಆಮೇಲೆ ಕೋವಿಡ್ ಬಂತು, ಇನ್ನೇನೋ ಬಂತು, ಒಮ್ಮೆ ಹೋದಾಗ ಹಣ್ಣು, ಅವಲಕ್ಕಿಯಲ್ಲೇ ದಿನ ಕಳೆದು ಬಂದೆ. ಅಮ್ಮ ಎದುರಿಗೆ ಕೂತು ನೋಡುತ್ತಿದ್ದಳು, ಬಡಿಸಲಿಲ್ಲ.

ಈ ಸಲ ಬೆಂಗಳೂರಿನಲ್ಲಿ ಒಂದು ದರ್ಶಿನಿಗೆ ಹೋದೆವು. ದೋಸೆ ಹುಯ್ಯುವ ಕಾವಲಿಯ ಒಂದು ಕಡೆ ರವೆ ದೋಸೆ, ಇನ್ನೊಂದು ಕಡೆ ಮಸಾಲೆ ದೋಸೆ. ಎರಡಕ್ಕೂ ಒಂದೇ ಪೊರಕೆ, ಒಂದೇ ಮೊಗಚುವ ಕೈ. ಇಡ್ಲಿ ಆಗಬಹುದೇನೋ ಎಂದು ಕೇಳಿದೆ: ಇಡ್ಲಿಗೆ ರವೆ ಹಾಕುತ್ತೀರಾ, ಚಟ್ನಿಗೆ ಇಂಗಿನ ಒಗ್ಗರಣೆ ಇದೆಯಾ? ಕೌಂಟರಿನ ಹುಡುಗ ಬಹಳ ಪ್ರೀತಿಯಿಂದ "ಏನೂ ಆಗಲ್ಲ ಸಾರ್, ತಿನ್ನಿ. ಬಿಸಿ ಇದೆ" ಎಂದ. ಮಿಲಾನಿನ ವೇಟರಿಗೆ ಕಾಯಿಲೆ ಗೊತ್ತಿತ್ತು. ಜೆನೋವಾದ ಮುದುಕನಿಗೆ ತನ್ನ ಒಲೆ ಗೊತ್ತಿತ್ತು. ಈ ಹುಡುಗನಿಗೆ ನನ್ನ ಹಸಿವು ಮಾತ್ರ ಗೊತ್ತು. ಅವನನ್ನು ದೂರಿ ಏನು ಪ್ರಯೋಜನ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾರತದ ಸಾವಿರಾರು ವಯಸ್ಕರ ರಕ್ತ ಪರೀಕ್ಷಿಸಿದರು. ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಜನರಲ್ಲಿ, ದಕ್ಷಿಣದಲ್ಲಿ ನೂರಕ್ಕೆ 0.10 ಜನರಲ್ಲಿ ಕಂಡುಬಂದವು. ನಮ್ಮ ಕಡೆ ಸಾವಿರಕ್ಕೆ ಒಬ್ಬ. ಆ ಒಬ್ಬನಾಗಿ ನಾನು ಎಳನೀರು ಕುಡಿದು ಬಂದೆ. ಎಳನೀರಿಗೆ ಯಾರೂ ಏನೂ ಬೆರೆಸಿರುವುದಿಲ್ಲ ನೋಡಿ.

ಊರು ತಲುಪಿದಾಗ ಮಳೆ. ಕಳೆದ ವರ್ಷ ಮುಂಗಾರು ಬೇಗ ಹಿಡಿದಿತ್ತು. ಜಗಲಿಯಲ್ಲಿ ಕೂತು ಅಮ್ಮನಿಗೆ ಇಟಲಿಯ ಕಥೆಯೆಲ್ಲ ಹೇಳಿದೆ. ಮೇಜಿನ ಬಟ್ಟೆ ಬದಲಿಸಿದ್ದು, ಬೇರೆ ಒಲೆ, ಬೇರೆ ಸೌಟು, ಮುಟ್ಟದ ಡಬ್ಬಿ. ಎಂಬತ್ಮೂರರ ಅಮ್ಮ ಸುಮ್ಮನೆ ಕೇಳಿ, "ಅಷ್ಟೇನಾ? ಇದು ಮುಸುರೆ ಇದ್ದ ಹಾಗೆ. ನಮಗೆ ಅನ್ನ ಮುಸುರೆ, ನಿನಗೆ ಗೋಧಿ ಮುಸುರೆ. ಮೊದಲೇ ಹೀಗೆ ಹೇಳೋದಲ್ವೇನೋ!" ಎಂದಳು.

ಹೊಸ ತಲೆಮಾರಿನವರಿಗಾಗಿ ಒಂದು ಮಾತು. ಹಳೆಯ ಮನೆಗಳಲ್ಲಿ ಅನ್ನ ಮುಟ್ಟಿದ ಕೈಯಲ್ಲಿ ಹಾಲು ಮೊಸರು ಮುಟ್ಟುವಂತಿರಲಿಲ್ಲ, ಆ ಪಾತ್ರೆ ಬೇರೆ, ಇಡುವ ಜಾಗ ಬೇರೆ. ಅದೇ ಮುಸುರೆ. ಮಡಿ ಮೈಲಿಗೆಯ ಹೆಸರಿನಲ್ಲಿ ನಮ್ಮವರು ಮನುಷ್ಯರಿಗೆ ಮಾಡಿದ್ದನ್ನು ನಾನು ಎಂದೂ ಒಪ್ಪಿದವನಲ್ಲ, ಅಮ್ಮನೊಡನೆ ಅದಕ್ಕಾಗಿ ಜಗಳವನ್ನೂ ಆಡಿದ್ದೇನೆ. ಆದರೆ ಪಾತ್ರೆಯ ಮಟ್ಟಿಗೆ ಆಕೆಗಿದ್ದ ಆ ಎಂಬತ್ತು ವರ್ಷದ ಅಭ್ಯಾಸ ಇಟಲಿಯ ತರಬೇತಿಗೆ ಏನೂ ಕಡಿಮೆಯಿರಲಿಲ್ಲ. ಇನ್ನೊಂದು ತಮಾಷೆ. ಶನಿವಾರ ರಾತ್ರಿ, ಒಪ್ಪತ್ತಿನ ದಿನ ನಮ್ಮಲ್ಲಿ ಅನ್ನ ಬಿಟ್ಟು ಫಲಾಹಾರವೆಂದು ಗೋಧಿಯ ಉಪ್ಪಿಟ್ಟು, ಚಪಾತಿ ತಿನ್ನುವುದು ರೂಢಿ. "ನಿನ್ನದು ತಲೆಕೆಳಗಾದ ಒಪ್ಪತ್ತು. ನಾವು ವಾರಕ್ಕೊಂದು ದಿನ ಅನ್ನ ಬಿಡ್ತೇವೆ, ನೀನು ಏಳು ದಿನವೂ ಫಲಾಹಾರ ಬಿಡು" ಎಂದು ತೀರ್ಪು ಕೊಟ್ಟಳು. ಮರುದಿನ ಅಟ್ಟದಿಂದ ಹಳೆಯ ಕಲ್ಮರಿಗೆ, ಹಿತ್ತಾಳೆ ಚರಿಗೆ, ಒಂದು ಸಣ್ಣ ಕಾವಲಿ ಇಳಿದವು. ಹುಣಸೆಹಣ್ಣು ಹಾಕಿ ಬೆಳಗಿಸಿ ಒಂದು ಮೂಲೆಯಲ್ಲಿ ಇಟ್ಟಳು. ಅತ್ತಿಗೆ ಶಿವಮೊಗ್ಗದಿಂದ ಅಕ್ಕಿಹಿಟ್ಟು ಬೆರೆಸಿದ ಇಂಗು ತರಿಸಿದರು. ಆರು ವರ್ಷದ ಮೇಲೆ ಅಮ್ಮನ ಕೈಯ ಸಾರು ಅನ್ನ ಉಂಡೆ. ಮೂರು ಸಲ ಬಡಿಸಿದಳು. ನಾಲ್ಕನೇ ದಿನವನ್ನು ಇಬ್ಬರೂ ಒಳಗೊಳಗೇ ಎಣಿಸುತ್ತಿದ್ದೆವು. ಅದು ಬಂತು, ಹೋಯಿತು.

ಮದುವೆಯದು ಬೇರೆ ವಿಷಯ. ಛತ್ರದಲ್ಲಿ ಆರುನೂರು ಎಲೆ. ಹೋಳಿಗೆ, ಚಿರೋಟಿ, ಗೋಧಿ ಕಡಿ ಪಾಯಸ. ಅಡುಗೆ ಭಟ್ಟರ ಹತ್ತಿರ ಹೋಗಿ ಒಂದು ಸಾರಿಗಾದರೂ ನಾವು ತಂದ ಇಂಗು ಹಾಕುತ್ತೀರಾ ಎಂದು ಕೇಳಿದೆ. ಕೊಪ್ಪರಿಗೆಯ ಹಬೆಯ ನಡುವಿನಿಂದ ಅವರು, "ಮಾರಾಯ್ರೇ, ಒಗ್ಗರಣೆಯೆಲ್ಲ ಬೆಳಗಿನ ಜಾವವೇ ಆಗಿದೆ. ನಿಮಗೆ ನನ್ನ ಅಡುಗೆ ಬೇಡ. ಅನ್ನದ ಕೊಪ್ಪರಿಗೆಯಿಂದ ನಾನೇ ಮೊದಲು ತೆಗೆದಿಡ್ತೇನೆ, ಮನೆಯಿಂದ ಸಾರು ತರಿಸಿಕೊಳ್ಳಿ" ಎಂದರು. ಜೆನೋವಾದ ಮುದುಕನೇ ಪಂಚೆ ಉಟ್ಟು ನಿಂತ ಹಾಗಾಯಿತು ನನಗೆ!

ಅಮ್ಮ ಮನೆಯಿಂದ ತಂದ ಚರಿಗೆ ಹಿಡಿದು ಪಂಕ್ತಿಯಲ್ಲಿ ನನ್ನ ಎಲೆಗೆ ತಾನೇ ಬಡಿಸಿದಳು. ಆಚೀಚೆ ಕೂತವರು "ಏನಜ್ಜಿ, ಮಗನಿಗೆ ಮಾತ್ರ ಸ್ಪೆಷಲ್ಲಾ?" ಎಂದು ಕೇಳಿದರೆ, "ಅವನಿಗೆ ಗೋಧಿ ಮುಸುರೆ" ಎಂದು ಗಟ್ಟಿಯಾಗಿ, ಹೆಮ್ಮೆಯಿಂದಲೇ ಹೇಳುತ್ತಾ ಹೋದಳು. ಊಟ ಮುಗಿದು ವೀಳ್ಯದ ಹೊತ್ತಿಗೆ ಭಟ್ಟರು ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಹುಡುಕಿಕೊಂಡು ಬಂದರು. ಮುಂದಿನ ವಾರ ಕೊಪ್ಪದಲ್ಲಿ ಒಂದು ಮದುವೆಯಂತೆ. ಗಂಡಿನ ಕಡೆಯವರು ದೆಹಲಿಯಲ್ಲಿರುವವರು, ಅವರ ಜೊತೆ ಬರುವ ಒಂದು ಮಗುವಿಗೂ ಗೋಧಿ ಆಗುವುದಿಲ್ಲವಂತೆ. "ಆ ಇಂಗು ಎಲ್ಲಿ ಸಿಗ್ತದೆ? ಇಂಗು ಬಿಟ್ಟು ಮತ್ತೆ ಯಾವುದರಲ್ಲಿ ಇರ್ತದೆ, ಹೇಳಿ" ಎಂದು ಜೇಬಿನಿಂದ ಸಾಮಾನಿನ ಪಟ್ಟಿ ತೆಗೆದು, ಅದರ ಹಿಂಬದಿಯಲ್ಲಿ ಬರೆದುಕೊಳ್ಳತೊಡಗಿದರು.